ಅಂಚು ಮಡಚದ ಕೌದಿ: ಟೈಲರ್ ಅಂಗಡಿಯ ಚಿಂದಿಯಿಂದ ಒಂದು ಹೊದಿಕೆ

ಹೊದಿಕೆ ಮುಗಿದಿದೆ. ಒಗೆಯುವ ಮೊದಲು 57 ಇಂಚು ಅಗಲ, 71 ಇಂಚು ಉದ್ದ ಇತ್ತು. ಒಗೆದ ಮೇಲೆ ಎರಡೂ ಕಡೆ ಒಂದೂವರೆ ಎರಡು ಇಂಚು ಕುಗ್ಗಿತು. ತೂಕ ಒಂದೂಕಾಲು ಕಿಲೋ ಆಸುಪಾಸು. ಒಬ್ಬರು ಹೊದ್ದು ಮಲಗಲಿಕ್ಕೆ ಧಾರಾಳ ಸಾಕು.

ಇದು ಅಜ್ಜಿಯಂದಿರು ಹಳೆ ಸೀರೆ ಮಡಚಿ ಕೈಯಲ್ಲಿ ಹೊಲಿಯುತ್ತಿದ್ದ ಕೌದಿಯಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಅಲ್ಲ. ಅವರು ಹೊರಗಿನ ಅಂಚಿನಿಂದ ಶುರು ಮಾಡಿ ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ, ಪ್ರತಿ ತುಂಡಿನ ಅಂಚನ್ನೂ ಒಳಗೆ ಮಡಚುತ್ತಾರೆ. ಇಲ್ಲಿ ಮೇಲೆ, ನಡುವೆ, ಅಡಿ ಎಂದು ಮೂರು ಪದರದ ಚೌಕಗಳು, ಅವುಗಳ ಅಂಚು ಮಡಚುವುದೇ ಇಲ್ಲ. ಹೊಲಿಗೆಯ ಅಂಚನ್ನು ಮೇಲುಮುಖಕ್ಕೆ ಬಿಡುವುದು, ಅದಕ್ಕೆ ಸಾಲಾಗಿ ಕಟ್ ಕೊಡುವುದು, ಆಮೇಲೆ ಒಗೆದು ನೂಲು ಬಿಡಿಸುವುದು. ಚೌಕಗಳ ನಡುವೆ ಹುರಿಹುರಿಯಾದ ಗೊಂಡೆ ಎದ್ದು ನಿಲ್ಲುತ್ತದೆ. ಚಂದ ಇರುವುದೇ ಆ ಗೊಂಡೆಯಲ್ಲಿ. ಹಾಗಾಗಿ ಬಟ್ಟೆ ಆರಿಸುವಾಗ ಅದರ ಬಣ್ಣಕ್ಕಿಂತ ಮೊದಲು ಅಂಚನ್ನು ನೋಡಬೇಕು. ಈ ಕೆಲಸದಲ್ಲಿ ನನಗೆ ಗೊತ್ತಾದ ದೊಡ್ಡ ವಿಷಯ ಇದೇ, ಕೆಳಗೆ ಬರೆದದ್ದೆಲ್ಲ ಹೆಚ್ಚುಕಡಿಮೆ ಇದರ ಸುತ್ತವೇ ಇದೆ.

1. ಬಟ್ಟೆ ಸೇರಿಸಿದ್ದು (ಮಾರ್ಚ್ ಕೊನೆ)

ಉಡುಪಿಯ ಸಂತೆಕಟ್ಟೆಯಲ್ಲಿ ನಮಗೆ ಬ್ಲೌಸು, ಚೂಡಿದಾರ ಹೊಲಿದು ಕೊಡುವ ಟೈಲರ್ ಇದ್ದಾರೆ. ಅವರ ಮೆಷಿನ್ ಪಕ್ಕ ಚಿಂದಿ ತುಂಬುವ ಗೋಣಿಚೀಲ ಯಾವಾಗಲೂ ಇರುತ್ತದೆ. ಅದನ್ನು ಕೇಳಿದೆ.

"ಇದರಲ್ಲಿ ಎಂತ ಮಾಡ್ತೀರಿ ಅಕ್ಕ? ಎಲ್ಲ ಸಣ್ಣ ಸಣ್ಣ ತುಂಡು ಉಂಟು."

"ಹೊದಿಕೆ ಮಾಡ್ಲಿಕ್ಕೆ ಅಣ್ಣ. ಕಾಟನ್ ಮಾತ್ರ ಬೇರೆ ತೆಗೆದಿಡ್ತೀರಾ?"

"ಬೇರೆ ತೆಗಿಲಿಕ್ಕೆ ಪುರುಸೊತ್ತಿಲ್ಲ. ಚೀಲವೇ ತಕೊಂಡು ಹೋಗಿ."

ತಂದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಸುರಿದು ವಿಂಗಡಿಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಕಾಟನ್. ಉಳಿದದ್ದು ಲೈನಿಂಗ್, ಸ್ಯಾಟಿನ್, ಜಾರ್ಜೆಟ್, ನೆಟ್. ಇವು ಯಾವುದೂ ಈ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ತೊಡಕು ಉಂಟು. ಬ್ಲೌಸ್ ಕಟ್ ಮಾಡಿ ಉಳಿದ ತುಂಡಿಗೆ ನೇರ ಅಂಚು ಇರುವುದಿಲ್ಲ. ಕಂಕುಳಿನ ಬಾಗು, ಕುತ್ತಿಗೆಯ ಬಾಗು, ತೋಳಿನ ಮೂಲೆ, ಇಂಥವೇ ಜಾಸ್ತಿ. 8 ಇಂಚಿನ ಚೌಕ ಇಡಿಯಾಗಿ ಸಿಗುವುದು ಅಪರೂಪ. ನನಗೆ ಒಟ್ಟು 80 ಚೌಕ ಬೇಕಿತ್ತು. ಚೀಲದಿಂದ ಅದರ ಮೂರನೇ ಒಂದು ಭಾಗವೂ ಇಡಿಯಾಗಿ ಸಿಗಲಿಲ್ಲ. ಉಳಿದದ್ದಕ್ಕೆ ಮನೆಯ ಕಪಾಟು ತೆರೆದೆ: ಅತ್ತೆಯವರ ಹಳೇ ಉಡುಪಿ ಸೀರೆ ಒಂದು, ಚೌಕುಳಿ ಲುಂಗಿ ಎರಡು, ಮಾವನವರ ಖಾಕಿ ಚಡ್ಡಿ, ಬಣ್ಣ ಮಾಸಿದ ದಿಂಬಿನ ಚೀಲಗಳು.

ತೀರಾ ಸಣ್ಣ ತುಂಡುಗಳನ್ನೂ ಬಿಸಾಡಲಿಲ್ಲ. ಹಳೇ ಬೆಡ್‌ಶೀಟಿನ ಒಂದು ಚೌಕ ತಳಕ್ಕಿಟ್ಟು, ಅದರ ಮೇಲೆ ಎರಡು ಮೂರು ಇಂಚು ಅಗಲದ ಪಟ್ಟಿಗಳನ್ನು ಒಂದರ ಮೇಲೊಂದು ಅರ್ಧ ಇಂಚು ಹತ್ತುವ ಹಾಗೆ ಜೋಡಿಸಿದೆ. ಪಟ್ಟಿಯ ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಗೆ ಹಾಕಿ, ಅಂಚನ್ನು ಹಾಗೇ ಬಿಟ್ಟೆ. ಆ ಅಂಚೂ ಒಗೆದ ಮೇಲೆ ನೂಲು ಬಿಡುತ್ತದೆ. ಈಗ ನೋಡಿದರೆ ಇಡೀ ಹೊದಿಕೆಯಲ್ಲಿ ಕಣ್ಣು ಹೋಗಿ ನಿಲ್ಲುವುದು ಈ ಪಟ್ಟಿಯ ಚೌಕಗಳ ಮೇಲೆ.

2. ಯಾವ ಬಟ್ಟೆ ನೂಲು ಬಿಡುತ್ತದೆ

ಪರೀಕ್ಷೆ ಸುಲಭ. ಬಟ್ಟೆಯನ್ನು ನೇಯ್ಗೆಯ ಎಳೆಗೆ ಸರಿಯಾಗಿ ಎರಡು ಇಂಚು ಕತ್ತರಿಸಿ. ಕತ್ತರಿಸಿದ ಅಂಚನ್ನು ಉಗುರಿನಲ್ಲಿ ಹತ್ತು ಸಲ ಕೆರೆಯಿರಿ. ಮೂರು ನಾಲ್ಕು ಎಳೆ ಬಿಚ್ಚಿಕೊಂಡು ಮೀಸೆ ಬಂದರೆ ಅದು ಬೇಕಾದ ಬಟ್ಟೆ. ಏನೂ ಆಗದೆ ಅಂಚು ಚೊಕ್ಕ ಉಳಿದರೆ ಬೇಡ.

ಕಾಟನ್ನೋ ಮಿಕ್ಸೋ ಎಂದು ಗೊತ್ತಾಗದಿದ್ದರೆ ಸುಟ್ಟು ನೋಡಬಹುದು. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ಕಡ್ಡಿ ಗೀರಿ. ಕಾಟನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗುತ್ತದೆ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ.

ನಾನು ಕಂಡ ಹಾಗೆ ಎಲ್ಲಕ್ಕಿಂತ ಚೆನ್ನಾಗಿ ನೂಲು ಬಿಟ್ಟದ್ದು ಉಡುಪಿ ಸೀರೆ. ಭೌಗೋಳಿಕ ಗುರುತು (ಜಿಐ) ಸಿಕ್ಕಿರುವ ಈ ಸೀರೆಯನ್ನು ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಈಗಲೂ ಕೈಮಗ್ಗದಲ್ಲಿ ನೇಯುತ್ತಾರೆ. ನೂಲು ಶುದ್ಧ ಹತ್ತಿಯದು. ಹಳತಾಗಿ ಮೆತ್ತಗಾದ ಸೀರೆಯ ಅಂಚು ಒಂದೇ ಒಗೆತಕ್ಕೆ ಬಿಚ್ಚಿಕೊಂಡಿತು. ಹೊಸ ಸೀರೆಗೆ ಯಾರೂ ಕತ್ತರಿ ಹಾಕಬೇಡಿ, ಆ ನೇಯ್ಗೆಗೆ ಎಷ್ಟು ಕೈಗಳ ಶ್ರಮ ಹೋಗಿರುತ್ತದೆ. ನಮ್ಮ ಸೀರೆ ಮಡಿಕೆಯಲ್ಲೇ ಹರಿದಿತ್ತು, ಅದಕ್ಕೆ ಕೊಟ್ಟರು.

ಚೌಕುಳಿ ಲುಂಗಿ ಎರಡನೆಯದು. ಉದ್ದದ ನೂಲೂ ಅಡ್ಡದ ನೂಲೂ ಬೇರೆ ಬೇರೆ ಬಣ್ಣ ಇರುವುದರಿಂದ ಗೊಂಡೆಯಲ್ಲಿ ಎರಡು ಮೂರು ಬಣ್ಣ ಕಾಣುತ್ತದೆ. ಬ್ಲೌಸಿನ ಟೂ ಬೈ ಟೂ ಬಟ್ಟೆ ನೂಲು ಬಿಡುತ್ತದೆ, ಆದರೆ ತುಂಬಾ ಸಪೂರ, ಗೊಂಡೆ ಮಲಗಿಬಿಡುತ್ತದೆ. ರೇಯಾನ್ ಬೇಡ. ಅದು ಮೆಷಿನ್‌ನಲ್ಲಿ ಜಾರುತ್ತದೆ, ಒಗೆದಾಗ ಅಂಚು ಹೊಲಿಗೆಯ ತನಕ ಬಿಚ್ಚಿಕೊಂಡು ಬರುವ ಅಪಾಯ ಇದೆ. ಬನಿಯನ್, ಟೀ ಶರ್ಟ್ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಅದು ಸುರುಳಿ ಸುತ್ತುತ್ತದೆ, ನೂಲು ಬಿಡುವುದಿಲ್ಲ.

ಖಾಕಿಯ ವಿಷಯ ಸ್ವಲ್ಪ ಹೇಳಬೇಕು. ಮಂಗಳೂರಿನ ಬಲ್ಮಠದಲ್ಲಿ 19ನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರ ನೇಯ್ಗೆ ಕಾರ್ಖಾನೆ ಇತ್ತು, ಅಲ್ಲಿ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಖಾಕಿ ಹೆಚ್ಚಿನದು ಪಾಲಿಯೆಸ್ಟರ್ ಮಿಕ್ಸ್. ಮಾವನವರ ಹಳೇ ಚಡ್ಡಿ ಮಾತ್ರ ದಪ್ಪ ಕಾಟನ್ ಡ್ರಿಲ್. ಅದರಿಂದ ಆರು ಚೌಕ ಬಂತು. ಗೊಂಡೆ ಗಟ್ಟಿಯಾಗಿ ನೆಟ್ಟಗೆ ನಿಂತಿದೆ.

ಕೆಲಸ ಕೊಡದೇ ಹೋದದ್ದು ಶಾಲೆಯ ಯೂನಿಫಾರ್ಮಿನ ಚೌಕುಳಿ ಬಟ್ಟೆ. ನೋಡಲಿಕ್ಕೆ ಲುಂಗಿಯ ಹಾಗೇ ಇತ್ತು, ಹಾಗಾಗಿ ಪರೀಕ್ಷೆ ಮಾಡದೆ ಒಂಬತ್ತು ಚೌಕ ಕತ್ತರಿಸಿದೆ. ಅದು ಮಿಕ್ಸ್. ಎರಡು ಸಲ ಒಗೆದರೂ ಅಂಚು ಕತ್ತರಿಸಿದ ಹಾಗೇ ಇತ್ತು. ಬಿಚ್ಚಿ ತೆಗೆಯುವಷ್ಟು ಕೆಟ್ಟು ಕಾಣಲಿಲ್ಲ, ಏಕೆಂದರೆ ಮೂರು ಪದರದಲ್ಲಿ ಉಳಿದ ಎರಡು ಕಾಟನ್ ಇತ್ತು, ಅವು ನೂಲು ಬಿಟ್ಟು ಅದನ್ನು ಅರ್ಧ ಮುಚ್ಚಿದವು. ನಿಮಗೆ ಯಾವುದಾದರೂ ಮಿಕ್ಸ್ ಬಟ್ಟೆ ಬಣ್ಣಕ್ಕಾಗಿ ಬೇಕೇ ಬೇಕು ಅಂತಾದರೆ ಹೀಗೆ ಹಾಕಬಹುದು: ಪಕ್ಕಪಕ್ಕ ಎರಡು ಬರಬಾರದು, ಅಡಿಯ ಎರಡು ಪದರವೂ ಕಾಟನ್ ಇರಬೇಕು.

ಹೊಸ ತುಂಡುಗಳನ್ನು ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಗಂಜಿ ಹೋಗುತ್ತದೆ, ಕುಗ್ಗುವುದು ಕುಗ್ಗುತ್ತದೆ. ಕೆಂಪು, ಕಪ್ಪು, ಕಲಂಕಾರಿ ತುಂಡುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಎರಡು ಸಲ ಒಗೆದ ಮೇಲೂ ಬಣ್ಣ ಬಿಡುವುದನ್ನು ಪಕ್ಕಕ್ಕಿಡಿ.

3. ನಡುವಿನ ಪದರ: ಹತ್ತಿ ಬೇಡ

ನಾಲ್ಕು ನಾಲ್ಕು ಚೌಕದ ಮೂರು ಮಾದರಿ ಮಾಡಿದೆ. ಇದಕ್ಕೆ ಹೋದ ಸಮಯ ದಂಡ ಅಲ್ಲ.

ಮೊದಲನೆಯದರ ಒಳಗೆ ಬಿಡಿ ಹತ್ತಿ ಹರಡಿದೆ. ಒಗೆದಾಗ ಹತ್ತಿ ಮೂಲೆಗೆ ಹೋಗಿ ಉಂಡೆಯಾಯಿತು. ಹತ್ತಿ ಜಾಗದಲ್ಲೇ ನಿಲ್ಲಬೇಕಾದರೆ ಹೊಲಿಗೆಯ ಸಾಲು ತುಂಬಾ ಹತ್ತಿರ ಹತ್ತಿರ ಬರಬೇಕು. ಅದಲ್ಲದೆ ಒಣಗಲಿಕ್ಕೆ ವಿಪರೀತ ಹೊತ್ತು. ಏಪ್ರಿಲ್ ಬಿಸಿಲಿನಲ್ಲೇ ಹೀಗಾದರೆ ಜುಲೈಯಲ್ಲಿ ಬೂಸಲು ಬರುವುದು ಖಂಡಿತ.

ಎರಡನೆಯದು ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಒಳಗೆ ಇಡುವ ಮೆತ್ತನೆಯ ನಾರಿನ ಹಾಳೆ. ಬೇಗ ಒಣಗಿತು, ಆದರೆ ಸೆಕೆ. ವ್ಯಾಡಿಂಗ್ ಹಾಕುವವರು ಅದನ್ನು ಆರೂವರೆ ಇಂಚಿಗೆ ಕತ್ತರಿಸಬೇಕು. ಅದು ಹೊಲಿಗೆಯ ಒಳಗೆ ಸಿಕ್ಕಿದರೆ ಕಟ್ ಕೊಟ್ಟ ಜಾಗದಲ್ಲಿ ಬಿಳಿ ನಾರು ಹೊರಗೆ ಬರುತ್ತದೆ.

ಮೂರನೆಯದಕ್ಕೆ ಹಳೇ ಪಂಚೆಯ ತುಂಡು ಇಟ್ಟೆ. ಅದೇ ಸರಿ. ನಮ್ಮ ಕರಾವಳಿಯಲ್ಲಿ ದಪ್ಪ ಹೊದಿಕೆ ಯಾರಿಗೆ ಬೇಕು? ಮಳೆಗಾಲದ ರಾತ್ರಿ ಫ್ಯಾನಿನ ಅಡಿಯಲ್ಲಿ ತೆಳ್ಳಗೆ ಒಂದು ಇದ್ದರೆ ಆಯಿತು. ಪಂಚೆಯನ್ನು ಮೇಲಿನ ಚೌಕದಷ್ಟೇ, ಅಂದರೆ 8 ಇಂಚಿಗೇ ಕತ್ತರಿಸಬೇಕು. ಅದೂ ಹೊಲಿಗೆಯಲ್ಲಿ ಸೇರಿ ನೂಲು ಬಿಡುತ್ತದೆ, ಗೊಂಡೆ ತುಂಬಿಕೊಳ್ಳುತ್ತದೆ. ಒಂದು ವಿಷಯ ಗಮನಿಸಿ: ಪಂಚೆ ಬಿಳಿ, ಹಾಗಾಗಿ ಇಡೀ ಹೊದಿಕೆಯ ಎಲ್ಲಾ ಗೊಂಡೆಯಲ್ಲೂ ಬಿಳಿ ಎಳೆ ಕಾಣುತ್ತದೆ. ನನಗೆ ಇಷ್ಟವಾಯಿತು, ಬೇರೆ ಬೇರೆ ಬಣ್ಣಗಳನ್ನು ಒಂದುಗೂಡಿಸಿತು. ಬೇಡ ಎನ್ನುವವರು ನಡುವಿಗೆ ಬಣ್ಣದ ಲುಂಗಿ ಇಡಿ.

4. ಕತ್ತರಿಸಿದ್ದು (ಏಪ್ರಿಲ್ ಎರಡನೇ ವಾರ)

ರಟ್ಟಿನ ಅಚ್ಚು ಮಾಡಬೇಡಿ. ಹತ್ತು ಹದಿನೈದು ಸಲ ಗೆರೆ ಎಳೆಯುವಷ್ಟರಲ್ಲಿ ಅಂಚು ಸವೆದು ಅಳತೆ ತಪ್ಪುತ್ತದೆ. ಆಚಾರಿಯವರ ಹತ್ತಿರ ಸನ್‌ಮೈಕಾದ ಉಳಿದ ತುಂಡು ಕೇಳಿ, ಸರಿಯಾಗಿ 8 ಇಂಚು ಚೌಕಕ್ಕೆ ಕತ್ತರಿಸಿ ಕೊಡಲು ಹೇಳಿ. ಅದು ಸವೆಯುವುದಿಲ್ಲ.

ಕಾಟನ್ ಬಟ್ಟೆಯ ಒಂದು ಬದಿಯನ್ನು ಮೊದಲು ಹರಿಯಬೇಕು. ಸಣ್ಣ ಕಟ್ ಕೊಟ್ಟು ಎಳೆದರೆ ಎಳೆಯ ಜಾಡಿನಲ್ಲೇ ಹರಿಯುತ್ತದೆ. ಆ ಹರಿದ ಅಂಚಿಗೆ ಅಚ್ಚಿಟ್ಟು ಗೆರೆ ಎಳೆಯಿರಿ. ಇಷ್ಟು ಯಾಕೆ ಅಂದರೆ, ಕ್ರಾಸ್ ಆಗಿ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿದ ಅಂಚು ನೂಲು ಬಿಡುವುದಿಲ್ಲ, ಬರೀ ಹಿಗ್ಗುತ್ತದೆ. ಟೈಲರ್‌ಗಳು ಪೈಪಿಂಗಿಗೆ ಕ್ರಾಸ್ ಪೀಸ್ ತೆಗೆಯುವುದು ಇದೇ ಕಾರಣಕ್ಕೆ. ನಮಗೆ ಬೇಕಾದದ್ದು ಅದರ ಉಲ್ಟಾ.

ಲೆಕ್ಕ ಹೀಗೆ:

- ಮೇಲಿನ ಪದರ: 8 ಇಂಚಿನ 80 ಚೌಕ, ಚಿಂದಿ ಮತ್ತು ಹಳೇ ಬಟ್ಟೆ
- ನಡುವೆ: 80 ಚೌಕ. 50 ಇಂಚು ಅಗಲ, 4 ಮೀಟರ್ ಉದ್ದದ ಡಬಲ್ ಪಂಚೆಯಲ್ಲಿ ಅಡ್ಡಕ್ಕೆ 6, ಉದ್ದಕ್ಕೆ 19. ಸವೆದ ಜಾಗ ಬಿಟ್ಟರೂ ಸಾಕಾಯಿತು
- ಅಡಿ: 80 ಚೌಕ. 60 ಇಂಚು ಅಗಲ, 90 ಇಂಚು ಉದ್ದದ ಸಿಂಗಲ್ ಬೆಡ್‌ಶೀಟಿನಲ್ಲಿ ಅಡ್ಡಕ್ಕೆ 7, ಉದ್ದಕ್ಕೆ 11, ಒಟ್ಟು 77. ಮೂರು ಚೌಕ ಕಡಿಮೆ ಬಿತ್ತು, ಅದನ್ನು ದಿಂಬಿನ ಚೀಲದಿಂದ ತೆಗೆದೆ

ಪ್ರತಿ ಚೌಕದ ನಾಲ್ಕೂ ಬದಿಯಲ್ಲಿ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ಉಳಿಯುವುದು 7 ಇಂಚು. ಅಡ್ಡಕ್ಕೆ 8, ಉದ್ದಕ್ಕೆ 10 ಚೌಕ ಜೋಡಿಸಿದರೆ 56 ಮತ್ತು 70 ಇಂಚು, ಜೊತೆಗೆ ಸುತ್ತಲೂ ಅರ್ಧ ಇಂಚಿನ ಗೊಂಡೆ.

5. ಪ್ರತಿ ಚೌಕಕ್ಕೆ ಗುಣಿಸು ಹೊಲಿಗೆ

ಅಡಿಯ ಚೌಕದ ಒಳಮೈ ಮೇಲೆ ಬರಲಿ, ಅದರ ಮೇಲೆ ಪಂಚೆ, ಅದರ ಮೇಲೆ ಚಿಂದಿಯ ಚೌಕ ಹೊರಮೈ ಮೇಲಾಗಿ. ಎರಡು ಗುಂಡುಪಿನ್ ಸಾಕು. ಮೂಲೆಯಿಂದ ಮೂಲೆಗೆ ಗುಣಿಸು ಗುರುತಿನ ಹಾಗೆ ಎರಡು ಗೆರೆ ಹೊಲಿಗೆ. ನಮ್ಮದು ಕಾಲಲ್ಲಿ ತುಳಿಯುವ ಉಷಾ ಮೆಷಿನ್, ಬರೀ ನೇರ ಹೊಲಿಗೆ. ಸೂಜಿ 16 ನಂಬರ್, ಹೊಲಿಗೆಯ ಉದ್ದ 3 ಮಿಲಿಮೀಟರ್ ಇಟ್ಟೆ. 14 ನಂಬರ್ ಸೂಜಿಯಲ್ಲಿ ಖಾಕಿ ಚೌಕದಲ್ಲಿ ಹೊಲಿಗೆ ಬಿಟ್ಟುಬಿಟ್ಟು ಬಂತು.

ಒಂದು ಚೌಕ ಮುಗಿದ ಕೂಡಲೇ ದಾರ ಕತ್ತರಿಸಬೇಡಿ. ಎರಡು ಹೊಲಿಗೆ ಖಾಲಿ ಓಡಿಸಿ ಮುಂದಿನ ಚೌಕ ಪಾದದ ಅಡಿಗೆ ಕೊಡಿ. ಎಂಬತ್ತೂ ಸಾಲಾಗಿ ಬರುತ್ತವೆ, ಆಮೇಲೆ ಒಟ್ಟಿಗೆ ಬಿಡಿಸಿಕೊಳ್ಳಬಹುದು. ದಾರವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ.

6. ಜೋಡಣೆ (ಏಪ್ರಿಲ್ ಕೊನೆ)

ಫ್ಯಾನ್ ಆಫ್ ಮಾಡಿ ಚಾವಡಿಯ ರೆಡ್ ಆಕ್ಸೈಡ್ ನೆಲದ ಮೇಲೆ ಎಂಬತ್ತನ್ನೂ ಹರಡಿದೆ. ಖಾಕಿ ಎಲ್ಲಾ ಒಂದೇ ಕಡೆ ಬಾರದ ಹಾಗೆ, ಉಡುಪಿ ಸೀರೆಯ ಚೌಕಗಳು ಓರೆಯಾಗಿ ಒಂದು ಸಾಲು ಬರುವ ಹಾಗೆ ಬದಲಿಸಿದೆ. ಸರಿ ಅನ್ನಿಸಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ, ಪ್ರತಿ ಸಾಲಿಗೆ ನಂಬರ್ ಬರೆದ ಚೀಟಿ.

ಇಲ್ಲಿ ಕೈಗೆ ಅಭ್ಯಾಸ ಇರುವುದಕ್ಕೆ ವಿರುದ್ಧ ಹೋಗಬೇಕು. ಸಾಮಾನ್ಯವಾಗಿ ಬಟ್ಟೆಯ ಹೊರಮೈ ಒಳಗೆ ಸೇರಿಸಿ ಹೊಲಿಯುತ್ತೇವೆ, ಅಲ್ವಾ? ಇದರಲ್ಲಿ ಬೆನ್ನಿಗೆ ಬೆನ್ನು ಸೇರಿಸಬೇಕು. ಅಂಚು ಮೇಲುಮುಖಕ್ಕೆ ಬರಬೇಕಲ್ಲ. ಒಂದು ಸಾಲಿನಲ್ಲಿ ಕೈ ಅಭ್ಯಾಸದ ಮೇಲೆ ಹೋಗಿ ಎರಡು ಚೌಕ ಉಲ್ಟಾ ಹೊಲಿದು ಬಿಚ್ಚಬೇಕಾಯಿತು. ಹೊಲಿಯುವ ಮೊದಲು ಪ್ರತಿ ಸಲ ಬೆಡ್‌ಶೀಟಿನ ಬಣ್ಣ ಒಳಗೆ ಎದುರುಬದುರು ಇದೆಯಾ ಎಂದು ನೋಡಿಕೊಂಡರೆ ತಪ್ಪುವುದಿಲ್ಲ.

ಮೆಷಿನ್‌ನ ತಟ್ಟೆಯ ಮೇಲೆ ಸೂಜಿಯಿಂದ ಅರ್ಧ ಇಂಚು ದೂರಕ್ಕೆ ಒಂದು ತುಂಡು ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋಗಲಿ. ಅರ್ಧ ಇಂಚಿಗಿಂತ ಕಡಿಮೆ ಬಿಟ್ಟರೆ ಗೊಂಡೆ ಮೊಟಕಾಗುತ್ತದೆ, ಹೊಲಿಗೆಯೂ ದುರ್ಬಲ.

ಮೊದಲು ಹತ್ತು ಸಾಲು, ಆಮೇಲೆ ಸಾಲಿಗೆ ಸಾಲು. ನಾಲ್ಕು ಚೌಕ ಸೇರುವ ಮೂಲೆಯೇ ಕಷ್ಟದ ಜಾಗ. ಅಲ್ಲಿ ಹೊಲಿಗೆಯ ಅಂಚನ್ನು ಎರಡೂ ಕಡೆಗೆ ಬಿಡಿಸಿ ಪಿನ್ ಹಾಕಬೇಕು. ಬಿಡಿಸಿದರೂ ಸೂಜಿಯ ಅಡಿಗೆ 12 ಪದರ ಬರುತ್ತದೆ. ಒಂದೇ ಕಡೆಗೆ ಮಡಚಿದರೆ ಇನ್ನೂ ದಪ್ಪ. ಆ ಜಾಗದಲ್ಲಿ ಕಾಲು ನಿಲ್ಲಿಸಿ, ಕೈಯಲ್ಲಿ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಿದೆ. ಅವಸರ ಮಾಡಿದ ಕಡೆ ಎರಡು ಸೂಜಿ ಮುರಿಯಿತು. ಹಳೇ ಕಾಲ್ಮೆಷಿನ್ ಈ ಕೆಲಸಕ್ಕೆ ತುಂಬಾ ಒಳ್ಳೆಯದು, ಸಣ್ಣ ಕರೆಂಟ್ ಮೆಷಿನ್ ಇರುವವರು ಖಾಕಿ, ಜೀನ್ಸ್ ಬಿಟ್ಟುಬಿಡಿ.

ಕೊನೆಗೆ ಸುತ್ತಲೂ ಅರ್ಧ ಇಂಚು ಒಳಗೆ ಎರಡು ಸುತ್ತು ಹೊಲಿಗೆ. ಹೊರ ಅಂಚೇ ಹೆಚ್ಚು ಎಳೆಸಿಕೊಳ್ಳುವುದು, ಒಂದು ಸುತ್ತು ಸಾಲದು. ಇಡೀ ಕೆಲಸಕ್ಕೆ 250 ಮೀಟರ್ ಹತ್ತಿರ ದಾರ ಹೋಯಿತು.

7. ಕಟ್ ಕೊಡುವುದು (ಮೇ ಮೊದಲ ವಾರಗಳು)

ಇದು ಎಲ್ಲಕ್ಕಿಂತ ಉದ್ದದ ಕೆಲಸ. ಒಳಗಿನ ಹೊಲಿಗೆ, ಹೊರ ಅಂಚು ಎಲ್ಲ ಸೇರಿ 1,300 ಇಂಚಿನ ಮೇಲೆ ಆಗುತ್ತದೆ. ಅರ್ಧ ಇಂಚಿಗೆ ಒಂದರ ಹಾಗೆ ಲೆಕ್ಕ ಹಾಕಿದರೆ 2,600 ಕಟ್. ದಿನಾ ಸಂಜೆ ಸ್ವಲ್ಪ ಸ್ವಲ್ಪ ಮಾಡಿದೆ.

ಟೈಲರ್‌ಗಳ ದೊಡ್ಡ 10 ಇಂಚಿನ ಕತ್ತರಿ ಬೇಡ, ಅದರ ತುದಿ ಎಲ್ಲಿಗೆ ಹೋಗಿದೆ ಎಂದು ಕಾಣುವುದಿಲ್ಲ. ದಾರ ಕತ್ತರಿಸುವ ಪುಟ್ಟ ನಿಪ್ಪರ್ ಆರು ಪದರಕ್ಕೆ ಬಾಯಿ ಬಿಟ್ಟಿತು. ಸ್ಪ್ರಿಂಗ್ ಇರುವ, ಒತ್ತಿ ಬಿಟ್ಟರೆ ತಾನೇ ತೆರೆದುಕೊಳ್ಳುವ ಕತ್ತರಿ ತಂದ ಮೇಲೆ ಕೆಲಸ ಸಾಗಿತು. ಮಾಮೂಲಿ ಕತ್ತರಿಯಲ್ಲಿ ಹೆಬ್ಬೆರಳಿನ ಬುಡ ಬಾತುಕೊಳ್ಳುತ್ತದೆ. ಈ ಒಂದು ಸಾಮಾನಿಗೆ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಕತ್ತರಿಯ ಅಲಗಿನ ತುದಿಯಿಂದ ಅರ್ಧ ಇಂಚಿನ ಮುಕ್ಕಾಲು ಪಾಲು, ಅಂದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ, ಅಳೆದು ಅಲ್ಲಿಗೆ ಬಣ್ಣದ ಟೇಪ್ ಸುತ್ತಿ. ಟೇಪಿನ ತನಕ ಮಾತ್ರ ಬಟ್ಟೆ ಒಳಗೆ ಹೋಗಲಿ. ಆಗ ಹೊಲಿಗೆಗೆ ಎರಡು ಮೂರು ಮಿಲಿಮೀಟರ್ ಬಿಟ್ಟು ಕಟ್ ನಿಲ್ಲುತ್ತದೆ. ತೆಳು ಬಟ್ಟೆಗೆ ಕಟ್ ಹತ್ತಿರ ಹತ್ತಿರ ಇದ್ದರೆ ಗೊಂಡೆ ಚೆನ್ನಾಗಿ ಬರುತ್ತದೆ, ಖಾಕಿಗೆ ಅರ್ಧ ಇಂಚು ಸರಿ.

ಟೇಪ್ ಸುತ್ತುವ ಮೊದಲು ಮಾಡಿದ ಭಾಗದಲ್ಲಿ ಏಳೆಂಟು ಕಡೆ ಹೊಲಿಗೆಯೇ ತುಂಡಾಗಿತ್ತು. ಬಿಡುವ ಹಾಗಿಲ್ಲ, ಒಗೆದಾಗ ಅಲ್ಲಿಂದಲೇ ಬಾಯಿ ತೆರೆಯುತ್ತದೆ. ಪ್ರತಿ ಹೊಲಿಗೆಯನ್ನೂ ಎರಡು ಕೈಯಲ್ಲಿ ಅಗಲಿಸಿ ಬೆಳಕಿಗೆ ಹಿಡಿದು ನೋಡಿದೆ. ತುಂಡಾದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಹಳೇ ಗೆರೆಗಿಂತ ಸ್ವಲ್ಪ ಒಳಗೆ, ಆಚೆ ಈಚೆ ಎರಡು ಇಂಚು ಸೇರಿಸಿ ಮತ್ತೆ ಹೊಲಿದೆ. ಇದನ್ನು ಒಗೆಯುವ ಮೊದಲೇ ಮಾಡಬೇಕು. ಗೊಂಡೆ ಎದ್ದ ಮೇಲೆ ಪಾದದ ಅಡಿಗೆ ನೂಲು ಸಿಕ್ಕಿಕೊಳ್ಳುತ್ತದೆ.

8. ಒಗೆತ (ಮೇ ಮೂರನೇ ವಾರ)

ಮೊದಲ ಒಗೆತಕ್ಕೆ ವಾಷಿಂಗ್ ಮೆಷಿನ್ ಬೇಡವೇ ಬೇಡ. ಮಾದರಿಯ ನಾಲ್ಕು ಚೌಕ ಹಾಕಿ ನೋಡಿದ್ದೆ, ಅಷ್ಟಕ್ಕೇ ಫಿಲ್ಟರಿನ ಚೀಲ ನೂಲಿನಿಂದ ತುಂಬಿತ್ತು. ಇಡೀ ಹೊದಿಕೆ ಹಾಕಿದರೆ ನೀರು ಹೋಗುವ ಪೈಪ್ ಕಟ್ಟುತ್ತದೆ. ಇಂಥ ಹೊದಿಕೆಗೆ ಹೊರದೇಶದವರು ಡ್ರೈಯರ್‌ನಲ್ಲಿ ಹಾಕಿ ತಿರುಗಿಸುತ್ತಾರೆ, ಅದರಲ್ಲೇ ಗೊಂಡೆ ಅರಳುತ್ತದೆ. ನಮ್ಮಲ್ಲಿ ಡ್ರೈಯರ್ ಎಲ್ಲಿದೆ? ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿದೆ. ಅದು ಯಾವ ಡ್ರೈಯರಿಗೂ ಕಡಿಮೆಯಿಲ್ಲ.

ಸೋಪಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಕಲ್ಲಿನ ಮೇಲೆ ಮೇಲುಮುಖ ಕಾಣುವ ಹಾಗೆ ಹರಡಿದೆ. ಬಟ್ಟೆ ತಿಕ್ಕುವ ಬ್ರಷ್‌ನಲ್ಲಿ ಹೊಲಿಗೆಯ ಉದ್ದಕ್ಕೆ ಅಲ್ಲ, ಅಡ್ಡಕ್ಕೆ ತಿಕ್ಕಬೇಕು. ನಾಲ್ಕೈದು ಸಲ ತಿಕ್ಕುವಷ್ಟರಲ್ಲಿ ಕಟ್ ಕೊಟ್ಟ ಪ್ರತಿ ತುಂಡಿನ ಎರಡೂ ಬದಿ ಸಡಿಲವಾಗುತ್ತದೆ. ಮೊದಲು ಹೊರಗಿನ ಒಂದು ಎಳೆ ಬಾಗಿ ಹೊರಬರುತ್ತದೆ, ಅದರ ಹಿಂದೆ ಇನ್ನೊಂದು. ಹೊಲಿಗೆಯ ಉದ್ದಕ್ಕೇ ಇರುವ ಎಳೆಗಳು ಕಳಚಿ ನೀರಲ್ಲಿ ಹೋಗುತ್ತವೆ, ಹೊಲಿಗೆಗೆ ಅಡ್ಡವಾಗಿರುವ ಎಳೆಗಳು ಮಾತ್ರ ಅದರಲ್ಲಿ ಸಿಕ್ಕಿಕೊಂಡು ಉಳಿಯುತ್ತವೆ. ಉಡುಪಿ ಸೀರೆಯ ಚೌಕದ ಹತ್ತಿರ ನೇರಳೆ ಎಳೆ, ಅದರ ನಡುವೆ ಪಂಚೆಯ ಬಿಳಿ, ಅಡಿಯಿಂದ ಬೆಡ್‌ಶೀಟಿನ ನೀಲಿ. ಮೂರೂ ಕಲೆತು ಕಂಬಳಿಹುಳದ ಹಾಗೆ ಒಂದು ಸಾಲು ಎದ್ದಿತು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು, ಅತ್ತೆಯವರನ್ನು ಕರೆದು ತೋರಿಸಿದೆ. "ಸೀರೆ ಹರಿದದ್ದು ಒಳ್ಳೆಯದೇ ಆಯ್ತು ಮಾರಾಯ್ತಿ" ಎಂದರು.

ಒಗೆದ ನೀರನ್ನು ತೆಂಗಿನಕಟ್ಟೆಗೆ ಬಿಡುವ ಮೊದಲು ತೂತಿನ ಬುಟ್ಟಿಯಲ್ಲಿ ಸೋಸಿ. ಪಾಲಿಯೆಸ್ಟರ್ ಎಳೆ ಮಣ್ಣಿಗೆ ಹೋಗಬಾರದು.

ಹಿಂಡಿ, ಇಬ್ಬರು ಎರಡು ತುದಿ ಹಿಡಿದು ಜೋರಾಗಿ ಕೊಡವಿ, ಬಿಸಿಲಿಗೆ ಹಾಕಿದೆವು. ಅರ್ಧ ಒಣಗಿದಾಗ ಒಮ್ಮೆ, ಪೂರ್ತಿ ಒಣಗಿದ ಮೇಲೆ ಒಮ್ಮೆ ಒಣ ಬ್ರಷ್‌ನಲ್ಲಿ ಗೊಂಡೆ ಎಬ್ಬಿಸಬೇಕು. ಇಲ್ಲದಿದ್ದರೆ ಹಗ್ಗದ ಮೇಲೆ ಒಣಗಿದ ಗೊಂಡೆ ಚಪ್ಪಟೆಯಾಗಿ ಕೂತುಬಿಡುತ್ತದೆ. ಮೊದಲ ಒಗೆತಕ್ಕೆ ಅರ್ಧ ಅರಳಿತು, ಮೂರನೆಯದಕ್ಕೆ ತುಂಬಿ ನಿಂತಿತು. ಆಮೇಲೆ ಜೋತಾಡುವ ಉದ್ದ ಎಳೆಗಳನ್ನು ಕತ್ತರಿಯಲ್ಲಿ ತೆಗೆಯಿರಿ, ಕೈಯಲ್ಲಿ ಎಳೆಯಬೇಡಿ. ಎಳೆದರೆ ಅದು ಒಳಗಿನ ನೇಯ್ಗೆಯನ್ನೂ ಸೇರಿಸಿಕೊಂಡು ಬರುತ್ತದೆ.

ಮಳೆ ಶುರುವಾದ ಮೇಲೂ ಒಮ್ಮೆ ಒಗೆದು ನೋಡಿದೆ. ಜಗಲಿಯಲ್ಲಿ ಎರಡು ಹಗ್ಗದ ಮೇಲೆ ಅಗಲವಾಗಿ ಹಾಕಿದರೆ ಎರಡು ದಿನಕ್ಕೆ ಒಣಗುತ್ತದೆ. ವಾಸನೆ ಬರಲಿಲ್ಲ. ಪಂಚೆ ಇಟ್ಟದ್ದು ಸಾರ್ಥಕ.

ಖರ್ಚು

- ದಾರ: 120 ರೂಪಾಯಿ
- 16 ನಂಬರ್ ಸೂಜಿ: 50
- ಸ್ಪ್ರಿಂಗ್ ಕತ್ತರಿ: 280
- ಸೀಮೆಸುಣ್ಣ, ಗುಂಡುಪಿನ್: 40
- ದೊಡ್ಡ ಕತ್ತರಿಗೆ ಸಾಣೆ: 50

ಒಟ್ಟು 540. ಬಟ್ಟೆಗೆ ಖರ್ಚಿಲ್ಲ. ಮುಂದಿನದಕ್ಕೆ ಕತ್ತರಿಯ ದುಡ್ಡು ಬೇಡ.

9. ಎರಡನೆಯದು ಅರ್ಧಕ್ಕೆ ನಿಂತಿದೆ

ಈಗ ಹಳೇ ಜೀನ್ಸಿನದು ಶುರು ಮಾಡಿದ್ದೇನೆ, ಬೈಕಿನ ಸೀಟಿನ ಅಗಲದ ಒಂದು ಹಾಸು. ಜೀನ್ಸಿನ ಉದ್ದದ ಎಳೆ ನೀಲಿ, ಅಡ್ಡ ಎಳೆ ಬಿಳಿ, ಹಾಗಾಗಿ ಗೊಂಡೆಯಲ್ಲಿ ನೀಲಿಯ ಜೊತೆ ಬಿಳಿಯೂ ಅರಳುತ್ತದೆ. ಮಾದರಿಯಲ್ಲಿ ತುಂಬಾ ಚಂದ ಬಂದಿದೆ. ಇದಕ್ಕೆ ನಡುವಿನ ಪದರ ಇಟ್ಟಿಲ್ಲ, ಎರಡೇ ಪದರ. ಚೌಕ 5 ಇಂಚು, ಸೂಜಿ 18 ನಂಬರ್.

ನಿಂತದ್ದು ಮೆಷಿನ್‌ನಿಂದ. ಮೂಲೆ ದಾಟುವಾಗ ಚರ್ಮದ ಬೆಲ್ಟ್ ಜಾರುತ್ತಿದೆ, ಚಕ್ರ ತಿರುಗುತ್ತದೆ, ಸೂಜಿ ಇಳಿಯುವುದಿಲ್ಲ. ಮಳೆಗಾಲದ ತೇವಕ್ಕೆ ಚರ್ಮ ಹಿಗ್ಗಿದೆ. ಕೊಕ್ಕೆ ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಜೋಡಿಸಿದೆ, ತೆಳು ಬಟ್ಟೆಗೆ ಸರಿಯಾಯಿತು, ಜೀನ್ಸಿನ ಮೂಲೆಗೆ ಇನ್ನೂ ಸಾಲುತ್ತಿಲ್ಲ. ಜಾಸ್ತಿ ಕತ್ತರಿಸಿದರೆ ಬೇಸಿಗೆಯಲ್ಲಿ ಬಿಗಿಯಾದೀತು. ಹೊಸ ಬೆಲ್ಟ್ ಹಾಕಿ ನೋಡಬೇಕು. ಅದರ ಜೊತೆಗೆ ಮೂಲೆಯ ದಪ್ಪ ಕಡಿಮೆ ಮಾಡಲು ಇನ್ನೊಂದು ದಾರಿ ಯೋಚಿಸಿದ್ದೇನೆ: ಸಾಲು ಸಾಲು ಸೇರಿಸುವಾಗ ಮೂಲೆಯಲ್ಲಿ ಅರ್ಧ ಇಂಚು ಜಾಗವನ್ನು ಹೊಲಿಯದೆ ಬಿಟ್ಟು, ಆಮೇಲೆ ಅಲ್ಲಿಗೆ ಕೈಯಲ್ಲಿ ದಪ್ಪ ದಾರದ ಗಟ್ಟಿ ಟಾಕಾ ಹಾಕುವುದು. ಎರಡು ಮೂಲೆಗೆ ಹಾಗೆ ಹಾಕಿದ್ದೇನೆ. ಒಗೆದು ನೋಡಿದ ಮೇಲೆ ಉಳಿದದ್ದಕ್ಕೆ ಕೈ ಹಾಕುತ್ತೇನೆ.